ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುವುದೆ?

ಫ್ರಾನ್ಸ್, ಇಂಗ್ಲೆಂಡ್ ದೇಶಗಳ ಅನುಕೂಲಸ್ಥ ಕುಟುಂಬಗಳಲ್ಲಿ ಒಂದು ಪದ್ಧತಿಯುಂಟು. ಮನೆಯಲ್ಲಿ ಮಗು ಜನಿಸಿದರೆ, ಆ ವರ್ಷದ ಸುಗ್ಗಿಯ ದ್ರಾಕ್ಷಿಯಿಂದಾದ ವೈನನ್ನು ಕೊಂಡು ತಂದು ನೆಲಮಾಳಿಗೆಯ ತಂಪಿನಲ್ಲಿ ಮಲಗಿಸಿ ಇಡುತ್ತಾರೆ. ಮಗು ಬೆಳೆದು ಪ್ರಾಯಕ್ಕೆ ಬಂದ ದಿನವೋ ವಿವಾಹದ ದಿನವೋ ಆ ಸೀಸೆಯ ಬಿರಡೆಯನ್ನು ತೆಗೆಯುವುದು. ಇಪ್ಪತ್ತು ವರ್ಷ ಕಾದ ಸೀಸೆಯೊಳಗೆ ಅಮೃತವಿದ್ದೀತೆ, ಬರಿಯ ಒಗರು ನೀರಿದ್ದೀತೆ ಎಂಬುದನ್ನು ಕೊಳ್ಳುವ ದಿನವೇ ಹೇಳಬಲ್ಲವರು ಯಾರು? ಹೇಳುತ್ತೇವೆಂದು ಮುಂದೆ ಬರುವವರು ರುಚಿಪರೀಕ್ಷಕರು. ತಂದೆಯ ಹಣವೂ ಆಸೆಯೂ ಅವರ ನಾಲಗೆಯನ್ನೇ ನೆಚ್ಚಿಕೊಂಡಿರುತ್ತವೆ.

ಕೆಂಪು ವೈನಿಗೆ ಜಗತ್ಪ್ರಸಿದ್ಧವಾದ ಬೋರ್ಡೋ ಪ್ರಾಂತ್ಯದಲ್ಲಿ ಈ ಪರೀಕ್ಷೆ ಪ್ರತಿ ವರ್ಷವೂ ವಸಂತಕಾಲದಲ್ಲಿ ನಡೆಯುತ್ತದೆ. ಹಿಂದಿನ ಶರತ್ಕಾಲದಲ್ಲಿ ಕೊಯ್ದ ದ್ರಾಕ್ಷಿಯ ರಸಕ್ಕೆ ಆಗ ಆರೇ ತಿಂಗಳ ವಯಸ್ಸು. ಅದಿನ್ನೂ ಸೀಸೆಗೆ ಇಳಿದಿರುವುದಿಲ್ಲ. 225 ಲೀಟರು ಹಿಡಿಯುವ ಓಕ್ ಮರದ ಪೀಪಾಯಿಗಳಲ್ಲಿಯೇ ಇರುತ್ತದೆ. ದೇಶದೇಶಗಳಿಂದ ನೆರೆದ ವರ್ತಕರೂ ವಿಮರ್ಶಕರೂ ದಿನಕ್ಕೆ ಹತ್ತಾರು ಬಗೆಗಳನ್ನು ಬಾಯಲ್ಲಿ ಆಡಿಸಿ, ಪೀಕದಾನಿಗೆ ಉಗುಳಿ, ಟಿಪ್ಪಣಿ ಬರೆದುಕೊಳ್ಳುತ್ತಾರೆ. ಅವರ ಅಭಿಪ್ರಾಯಕ್ಕೆ ತಕ್ಕಂತೆ ಬೆಲೆ ಏರುವುದೂ ಇಳಿಯುವುದೂ ಉಂಟು. ಕೊಳ್ಳುವವನು ಹಣವನ್ನು ಆಗಲೇ ತೆರುತ್ತಾನೆ. ಸೀಸೆ ಕೈಸೇರುವುದು ಸುಮಾರು ಎರಡು ವರ್ಷಗಳ ತರುವಾಯ. ಉತ್ತಮ ದರ್ಜೆಯದು ಕುಡಿಯಲು ಹದವಾಗಬೇಕಾದರೆ ಇನ್ನೂ ಹತ್ತು ಹದಿನೈದು ವರ್ಷ ಕಾಯಬೇಕು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವ ವ್ಯಾಪಾರವಿದು.

ಪರೀಕ್ಷೆಯ ಕ್ರಮವೇನೋ ಸರಳವಾದುದೇ. ಮೊದಲು ಕಣ್ಣು, ಅನಂತರ ಮೂಗು, ಕೊನೆಗೆ ನಾಲಗೆ. ಎಳೆಯ ಕೆಂಪು ವೈನಿಗೆ ನೇರಳೆಯ ಛಾಯೆಯಿರುತ್ತದೆ. ಬಟ್ಟಲನ್ನು ಮೆಲ್ಲನೆ ತಿರುಗಿಸಿದರೆ ಹಸಿ ಹಣ್ಣಿನ ಪರಿಮಳ ಏಳುತ್ತದೆ. ಬಾಯಿಗೆ ಹಾಕಿದೊಡನೆ ಹಸಿ ಅಡಿಕೆಯನ್ನು ಅಗಿದಂತೆ ಒಸಡು ಬಿಗಿಯುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದಲೂ ಓಕ್ ಮರದಿಂದಲೂ ಇಳಿದ ಟ್ಯಾನಿನ್ ಎಂಬ ಪದಾರ್ಥವೇ ಈ ಒಗರಿಗೆ ಕಾರಣ. ಅದು ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ.

ಕಾಲ ಸರಿದಂತೆ ಟ್ಯಾನಿನ್ನಿನ ಕಣಗಳು ಒಂದಕ್ಕೊಂದು ಕೂಡಿಕೊಂಡು, ವರ್ಣದ್ರವ್ಯವನ್ನೂ ಕೂಡಿಸಿಕೊಂಡು, ಗಷ್ಟಾಗಿ ತಳಕ್ಕಿಳಿಯುತ್ತವೆ. ಒಗರು ತಗ್ಗಿ, ನೇರಳೆ ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಹಸಿ ಹಣ್ಣಿನ ವಾಸನೆಯ ಸ್ಥಳದಲ್ಲಿ ತರಗೆಲೆ, ಹೊಗೆಸೊಪ್ಪು, ದೇವದಾರು, ಅಣಬೆಗಳನ್ನು ನೆನಪಿಗೆ ತರುವ ಗಂಧ ಮೂಡುತ್ತದೆ. ಕೆಂಪು ವೈನು ಮುಪ್ಪಿನಲ್ಲಿ ಬಿಳುಪೇರಿದರೆ, ಬಿಳಿಯ ವೈನು ಹೊಂಬಣ್ಣಕ್ಕೆ ತಿರುಗಿ ಕಪ್ಪೇರುವುದು ಮತ್ತೊಂದು ವಿಚಿತ್ರ. ಹಳತಾದುದೆಲ್ಲ ಒಳ್ಳೆಯದೆಂದು ಮಾತ್ರ ಭಾವಿಸಬಾರದು. ಹೆಚ್ಚಿನ ವೈನುಗಳು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸತಕ್ಕವು. ನವೆಂಬರ್ ತಿಂಗಳ ಮೂರನೆಯ ಗುರುವಾರ ಪೇಟೆಗೆ ಬರುವ ಬೋಜೋಲೆ ನುವೋ ಎಂಬುದು ಕೆಲವೇ ತಿಂಗಳ ಸೊಗಸು.

ಹಾಗಾದರೆ ಬಾಳುವ ಎಳೆಯದನ್ನು ಗುರುತಿಸುವುದೆಂತು? ಎಳವೆಯಲ್ಲಿ ಎಷ್ಟು ಗಡಸೋ ಮುಪ್ಪಿನಲ್ಲಿ ಅಷ್ಟು ಸೊಗಸು ಎಂಬ ನಂಬಿಕೆ ಬಹುಕಾಲದಿಂದ ಬೇರೂರಿತ್ತು. 1972ರಿಂದ 1974ರವರೆಗಿನ ಬೋರ್ಡೋ ಸುಗ್ಗಿಗಳು ನಿರಾಶೆ ತಂದಿದ್ದವು. ಆದುದರಿಂದ, ದಟ್ಟವಾದ ಒಗರಿನಿಂದ ಕೂಡಿದ 1975ರ ವೈನು ಬಂದಾಗ ಇದು ದೀರ್ಘಾಯುಷಿ ಎಂದು ಹಲವರು ಕೊಂಡಾಡಿದರು. ಪೊಮೆರಾಲ್ ಪ್ರದೇಶದ ಕೆಲವು ಉತ್ತಮ ಸೀಸೆಗಳು ಆ ಮಾತನ್ನು ಉಳಿಸಿಕೊಂಡವು. ಉಳಿದ ಅನೇಕ ಸೀಸೆಗಳಲ್ಲಿ ಹಣ್ಣಿನ ಸಾರ ಬಾಡಿಹೋದ ಮೇಲೂ ಒಗರು ಕರಗಲಿಲ್ಲ.

1982ರ ಕಥೆ ಇದಕ್ಕೆ ವಿರುದ್ಧವಾದುದು. ಆ ವರ್ಷ ದ್ರಾಕ್ಷಿ ಚೆನ್ನಾಗಿ ಮಾಗಿತ್ತು; ವೈನು ಮೃದುವಾಗಿ, ಹುಳಿ ಕಡಿಮೆಯಾಗಿ, ಎಳವೆಯಲ್ಲಿಯೇ ರುಚಿಕರವಾಗಿತ್ತು. ಇಷ್ಟು ಸಾಧುವಾದುದು ಬಾಳಲಾರದೆಂದು ಕೆಲವು ವಿಮರ್ಶಕರು ತಲೆಯಾಡಿಸಿದರು. ಆಗಿನ್ನೂ ವಕೀಲಿ ವೃತ್ತಿಯಲ್ಲಿದ್ದ ರಾಬರ್ಟ್ ಪಾರ್ಕರ್ ಎಂಬ ಅಮೆರಿಕನ್ ವಿಮರ್ಶಕನು 1983ರಲ್ಲಿ ಪೀಪಾಯಿಗಳಿಂದಲೇ ರುಚಿ ನೋಡಿ, ಇದು ಶ್ರೇಷ್ಠವಾದ ಸುಗ್ಗಿಯೆಂದು ತನ್ನ ಪತ್ರಿಕೆಯಲ್ಲಿ ಸಾರಿದನು. ಕಾಲ ಅವನ ಪಕ್ಷವನ್ನೇ ಹಿಡಿಯಿತು. ಅಂದಿನ ಉತ್ತಮ ಸೀಸೆಗಳು ದಶಕಗಳು ಕಳೆದರೂ ಕಾಂತಿಗುಂದಲಿಲ್ಲ. ಬೋರ್ಡೋವಿನ ಮದ್ಯಶಾಸ್ತ್ರಜ್ಞ ಎಮಿಲ್ ಪೇನೋ ಬೋಧಿಸುತ್ತಿದ್ದುದೂ ಇದೇ ತತ್ತ್ವವನ್ನು: ಮಾಗಿದ ಹಣ್ಣು ಬೇಕು, ಹುಳಿ, ಒಗರು, ಸಾರಗಳು ಒಂದಕ್ಕೊಂದು ಹೊಂದಿರಬೇಕು. ಎಳವೆಯಲ್ಲಿ ಇಲ್ಲದ ಹೊಂದಾಣಿಕೆಯನ್ನು ಮುಪ್ಪು ತಂದುಕೊಡಲಾರದು.

ನಾಲಗೆಗೆ ಇನ್ನೊಂದು ಶತ್ರುವುಂಟು, ಅದು ಕಣ್ಣು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವಾಸನೆಯಿಲ್ಲದ ಬಣ್ಣ ಬೆರೆಸಿ ಕೆಂಪಾಗಿಸಿದ ಬಿಳಿಯ ವೈನನ್ನು ಬೋರ್ಡೋವಿನ 54 ಮಂದಿ ವಿದ್ಯಾರ್ಥಿಗಳ ಮುಂದಿಟ್ಟರು. ಅವರೆಲ್ಲ ಮದ್ಯಶಾಸ್ತ್ರವನ್ನೇ ಅಭ್ಯಾಸ ಮಾಡುತ್ತಿದ್ದವರು. ಆದರೂ ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ಅದರ ಗಂಧವನ್ನು ವರ್ಣಿಸಿದರು. ಬಣ್ಣವೇ ಇಷ್ಟು ಮೋಸಗೊಳಿಸುವುದಾದರೆ ಹೆಸರುವಾಸಿಯಾದ ಚೀಟಿ ಎಷ್ಟು ಮೋಸಗೊಳಿಸದು? ಆದುದರಿಂದ ಸೀಸೆಯ ಗುರುತನ್ನು ಮರೆಮಾಡಿ ರುಚಿ ನೋಡುವುದು ಸರಿಯಾದ ಪದ್ಧತಿ.

1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಹೀಗೆಯೇ ನಡೆಯಿತು. ಫ್ರಾನ್ಸಿನ ಒಂಬತ್ತು ಮಂದಿ ತೀರ್ಪುಗಾರರು ಗುರುತು ತಿಳಿಯದೆ ನೀಡಿದ ಅಂಕಗಳಲ್ಲಿ, ಕೆಂಪಿನಲ್ಲಿಯೂ ಬಿಳುಪಿನಲ್ಲಿಯೂ ಕ್ಯಾಲಿಫೋರ್ನಿಯಾದ ವೈನುಗಳೇ ಮೊದಲ ಸ್ಥಾನ ಪಡೆದವು. ಬೋರ್ಡೋವಿನದು ನಿಧಾನವಾಗಿ ಅರಳುವ ಜಾತಿ, ಕಾದು ನೋಡಿ ಎಂದು ಅಭಿಮಾನಿಗಳು ಸಮಾಧಾನ ಹೇಳಿಕೊಂಡರು. ಲೋಕವೂ ಕಾದಿತು. ಮೂವತ್ತು ವರ್ಷಗಳಾದ ಮೇಲೆ, 2006ರಲ್ಲಿ, ಅದೇ ಕೆಂಪು ವೈನುಗಳನ್ನು ಲಂಡನ್ನಿನಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ಒಂದೇ ದಿನ ಪರೀಕ್ಷಿಸಿದಾಗ ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾಕ್ಕೇ ಸಂದವು.

ಇದರಿಂದ ಫ್ರಾನ್ಸಿನ ವೈನಿಗೆ ಕುಂದುಬಂತೆಂದಲ್ಲ. ಕುಂದು ಬಂದುದು ಕಾಲವನ್ನು ಮುಂಚಿತವಾಗಿಯೇ ತನ್ನ ಸಾಕ್ಷಿಯಾಗಿ ಕರೆದ ಅಭಿಮಾನಕ್ಕೆ. ನುರಿತ ಪರೀಕ್ಷಕನು ಈಗ ಬಟ್ಟಲಲ್ಲಿರುವುದು ಇಂಥದು ಎಂಬುದನ್ನು ಖಚಿತವಾಗಿ ಹೇಳುತ್ತಾನೆ. ಮುಂದೆ ಆಗಬಹುದಾದುದನ್ನು ಪ್ರತ್ಯೇಕವಾಗಿ, ತುಸು ಅಂಜಿಕೆಯಿಂದಲೇ ಹೇಳುತ್ತಾನೆ. 1975ರಲ್ಲಿ ಹುಟ್ಟಿದ ಮಗುವಿಗಾಗಿ ಗಡಸನ್ನೇ ನೆಚ್ಚಿ ಸೀಸೆಯಿಟ್ಟ ತಂದೆಗಿಂತ, 1982ರಲ್ಲಿ ರುಚಿಯಾದುದನ್ನು ರುಚಿಯೆಂದೇ ನಂಬಿ ಕೊಂಡ ತಂದೆ ಮಗಳ ಮದುವೆಯಲ್ಲಿ ಹೆಚ್ಚು ಸಂತೋಷಪಟ್ಟಿರಬೇಕು.