ಮನೆಮಾತು: ಪಟಾಕಿ ಚೀಟಿಗೂ ಕಾನೂನು ಉಂಟು



ದೀಪಾವಳಿ ಹತ್ತಿರ ಬಂತು ಅಂದರೆ ನಮಗೆ ಉಸಿರಾಡಲೂ ಪುರುಸೊತ್ತಿಲ್ಲ. ಕಜ್ಜಾಯಕ್ಕೆ ಅಕ್ಕಿ ನೆನೆಹಾಕಬೇಕು, ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಬೇಕು, ಮಗಳು ಅಳಿಯ ಬರುವುದಿದ್ದರೆ ಹೊದಿಕೆಗಳನ್ನು ಒಗೆದು ಒಣಗಿಸಬೇಕು. ಈ ಗಡಿಬಿಡಿಯಲ್ಲಿ ಪಟಾಕಿಯ ವಿಷಯ ಮಾತ್ರ 'ಅದು ಗಂಡಸರದು, ಮಕ್ಕಳದು' ಎಂದು ಬಿಟ್ಟುಬಿಡುತ್ತೇವೆ. ಆದರೆ ಅದಕ್ಕೆ ದುಡ್ಡು ಹೊಂದಿಸುವವರು ಯಾರು? ತಂದದ್ದನ್ನು ಎತ್ತಿಡುವವರು ಯಾರು? ಮಗುವಿನ ಕೈ ಸುಟ್ಟರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುವವರು ಯಾರು? ನಾವೇ ತಾನೇ!

ಓದುಗ ಸೋದರಿಯೊಬ್ಬರು ಹೀಗೆ ಬರೆದಿದ್ದಾರೆ: "ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ತಿಂಗಳು ತಿಂಗಳು ಪಟಾಕಿ ಚೀಟಿ ಕಟ್ಟುತ್ತೇವೆ. ಹಬ್ಬಕ್ಕೆ ಹದಿನೈದು ದಿನ ಇರುವಾಗ ಹೊಸೂರಿನ ಕಡೆಯಿಂದ ಒಟ್ಟಿಗೆ ತರಿಸಿ ಹಂಚುವುದು. ಪ್ರತಿವರ್ಷ ಒಬ್ಬೊಬ್ಬರ ಮನೆಯಲ್ಲಿ ಪೆಟ್ಟಿಗೆಗಳನ್ನು ಇಡುತ್ತಾರೆ. ಈ ಸಲ ನಮ್ಮ ಮನೆ. ನಮ್ಮದು ಎರಡೇ ಕೋಣೆ. ಬೇಡ ಎಂದರೆ 'ನಿಮಗೊಬ್ಬರಿಗೇ ಭಯವೇನ್ರೀ?' ಅಂತಾರೆ. ಯಜಮಾನರೂ 'ಸುಮ್ಮನೆ ಒಪ್ಪಿಕೋ, ಎಲ್ಲರ ಜೊತೆ ನಿಷ್ಠುರ ಯಾಕೆ' ಅಂತಾರೆ. ನಾನೇನು ಮಾಡಲಿ?"

ಒಪ್ಪಬೇಡಿ ತಾಯಿ. ಇದೇ ನನ್ನ ಉತ್ತರ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇಂಥ ಚೀಟಿ ಒಂದು ಬೀದಿಯದಲ್ಲ, ನಮ್ಮ ನಾಡಿನ ಎಷ್ಟೋ ಬೀದಿಗಳದು.

ಪಟಾಕಿ ಅಂದರೆ ಕಾನೂನಿನ ಕಣ್ಣಿನಲ್ಲಿ ಆಟದ ಸಾಮಾನಲ್ಲ, ಸ್ಫೋಟಕ. ನಮ್ಮ ದೇಶದಲ್ಲಿ 1884ರಿಂದಲೇ ಸ್ಫೋಟಕಗಳ ಕಾಯಿದೆ ಇದೆ. ಈಗ ನಡೆಯುತ್ತಿರುವುದು ಅದರ ಕೆಳಗೆ ಬಂದ 2008ರ ಸ್ಫೋಟಕ ನಿಯಮಗಳು. ಇದನ್ನೆಲ್ಲ ನೋಡಿಕೊಳ್ಳುವ ಕೇಂದ್ರ ಇಲಾಖೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ. 'ಪೆಸೊ' ಎಂದು ಅದನ್ನು ಕರೆಯುತ್ತಾರೆ. ಪರವಾನಗಿ ಇಲ್ಲದೆ ಪಟಾಕಿ ಮಾರುವಂತಿಲ್ಲ, ಮಾರಾಟಕ್ಕೆಂದು ದಾಸ್ತಾನು ಮಾಡುವಂತಿಲ್ಲ. 18 ವರ್ಷ ತುಂಬದವರು ಪಟಾಕಿ ತಯಾರಿಸುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಹಬ್ಬದ ಹೊತ್ತಿನ ತಾತ್ಕಾಲಿಕ ಅಂಗಡಿಗೆ ಜಿಲ್ಲಾಡಳಿತದಿಂದ, ಬೆಂಗಳೂರಿನಂಥ ಊರಾದರೆ ಪೊಲೀಸ್ ಕಮಿಷನರ್ ಕಚೇರಿಯಿಂದ ಪರವಾನಗಿ ಪಡೆಯಬೇಕು. ತಪ್ಪಿದರೆ ಜೈಲು, ದಂಡ ಎರಡಕ್ಕೂ ದಾರಿಯಿದೆ.

'ನಾವು ವ್ಯಾಪಾರ ಮಾಡ್ತಿಲ್ವಲ್ಲ, ಹಂಚಿಕೊಳ್ತಿದ್ದೀವಿ' ಅಂತ ನೀವು ಅನ್ನಬಹುದು. ಮೂರು ಕಾಸು ಲಾಭ ಇಟ್ಟುಕೊಂಡು ಕೊಟ್ಟರೂ ಅದು ಮಾರಾಟವೇ. ಲಾಭದ ಮಾತು ಹೋಗಲಿ ಬಿಡಿ. ಹತ್ತಿಪ್ಪತ್ತು ಮನೆಯ ಪಟಾಕಿ ಒಂದು ಮನೆಯ ಮಂಚದ ಕೆಳಗೆ ಕೂತಾಗ ಬೆಂಕಿಯ ಕಿಡಿ 'ಇದು ವ್ಯಾಪಾರವೋ, ಸಹಾಯವೋ' ಎಂದು ಕೇಳಿಕೊಂಡು ಬರುವುದಿಲ್ಲ.

ಅಂಗಡಿಯವರಿಗೆ ಏನೇನು ಕಟ್ಟಳೆ ಇದೆ ನೋಡಿ. ತಾತ್ಕಾಲಿಕ ಅಂಗಡಿಯ ಶೆಡ್ಡು ಸುಲಭವಾಗಿ ಬೆಂಕಿ ಹತ್ತದ ಸಾಮಗ್ರಿಯಿಂದ ಮಾಡಿದ್ದಿರಬೇಕು. ಒಂದು ಅಂಗಡಿಗೂ ಇನ್ನೊಂದಕ್ಕೂ ಕನಿಷ್ಠ 3 ಮೀಟರ್ ಅಂತರ. ಜನವಸತಿಯಂಥ ಜಾಗಗಳಿಂದ ಕನಿಷ್ಠ 50 ಮೀಟರ್ ದೂರ. ಅಂಗಡಿಗಳು ಎದುರುಬದುರು ಇರಬಾರದು. ಎಣ್ಣೆದೀಪ, ಗ್ಯಾಸ್‌ದೀಪ, ತೆರೆದ ಬೆಂಕಿ ಯಾವುದೂ ಹತ್ತಿರ ಇರಬಾರದು. ಕರೆಂಟಿನ ದೀಪವಾದರೂ ಗೋಡೆಗೋ ಚಾವಣಿಗೋ ಭದ್ರವಾಗಿ ಕೂರಿಸಿರಬೇಕು, ತಂತಿಯಲ್ಲಿ ನೇತಾಡಿಸುವಂತಿಲ್ಲ. ಒಂದು ಕಡೆ 50ಕ್ಕಿಂತ ಹೆಚ್ಚು ಅಂಗಡಿ ಇರುವಂತಿಲ್ಲ. ಊರ ಹೊರಗಿನ ಮೈದಾನದಲ್ಲಿ ಸಾಲಾಗಿ ತಗಡಿನ ಅಂಗಡಿ ಹಾಕಿಸುವುದು ಇದಕ್ಕೇ. ನಮ್ಮ ಅನುಕೂಲ ನೋಡದೆ ಅಷ್ಟು ದೂರ ಹಾಕಿದ್ದಾರಲ್ಲ ಎಂದು ಗೊಣಗುತ್ತೇವೆ. ಆ ದೂರವೇ ನಮ್ಮ ರಕ್ಷಣೆ.

ಈಗ ನಮ್ಮ ಮನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಲೆ ಇದೆ, ಸಿಲಿಂಡರ್ ಇದೆ, ದೇವರ ಮುಂದೆ ನಂದಾದೀಪ ಇದೆ, ಹಬ್ಬದ ದಿನ ಬಾಗಿಲ ತುಂಬ ಹಣತೆ ಇದೆ. ಮೈದಾನದ ಅಂಗಡಿಯಲ್ಲಿ ಬೇಡ ಎಂದದ್ದೆಲ್ಲ ನಮ್ಮ ಮನೆಯಲ್ಲಿ ಉಂಟು. ಅಂಥಲ್ಲಿ ಬೀದಿಗಾಗುವಷ್ಟು ಪಟಾಕಿ ಇಡುವುದೇ?

ಅತ್ತಿಬೆಲೆಯ ಹೆಸರನ್ನು ಮರೆಯಲಾದೀತೇ? 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಯೊಂದಕ್ಕೆ ಬೆಂಕಿ ಬಿತ್ತು. ಅಂದೇ ಹತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಆಸ್ಪತ್ರೆಯಲ್ಲಿ ಇನ್ನೂ ಕೆಲವರು ತೀರಿಕೊಂಡರು. ಸತ್ತವರಲ್ಲಿ ಹಲವರು ಹಬ್ಬದ ಕಾಲದಲ್ಲಿ ನಾಲ್ಕು ಕಾಸು ಸಂಪಾದಿಸಲು ತಮಿಳುನಾಡಿನ ಹಳ್ಳಿಗಳಿಂದ ಬಂದಿದ್ದ ಎಳೆಯ ಹುಡುಗರು. ಅವರ ಅಮ್ಮಂದಿರೂ ಆ ವರ್ಷ ಹಬ್ಬಕ್ಕೆ ಮಗ ಬರುತ್ತಾನೆ ಎಂದೇ ಕಾದಿದ್ದರು ಅಲ್ಲವೇ? ಅದಾದ ಮೇಲೆ ಕರ್ನಾಟಕ ಸರ್ಕಾರ ಮದುವೆ, ಮೆರವಣಿಗೆ, ರಾಜಕೀಯ ಸಮಾರಂಭಗಳಲ್ಲಿ ಪಟಾಕಿ ಹೊಡೆಯಕೂಡದೆಂದು ಹೇಳಿತು.

ಹೊಸೂರಿನಿಂದ ತರುವ ವಿಷಯಕ್ಕೆ ಇನ್ನೊಂದು ಮಾತು. ಅಗ್ಗ ಎಂದು ಚೀಲದಲ್ಲಿ ತುಂಬಿ ರೈಲು ಹತ್ತುವವರಿದ್ದಾರೆ. ರೈಲಿನಲ್ಲಿ ಪಟಾಕಿ ಒಯ್ಯುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ. 3 ವರ್ಷದವರೆಗೆ ಸಜೆಯಾಗಬಹುದು. ಬಸ್ಸಿನಲ್ಲೂ ಬೇಡ. ಸೀಟಿನ ಕೆಳಗಿನ ನಮ್ಮ ಚೀಲದ ಪಕ್ಕದಲ್ಲಿ ಯಾರೋ ಬೀಡಿ ತುಂಡು ಎಸೆದರೆ? ಮನೆಗೇ ಬರುತ್ತದೆ ಎಂದು ಫೋನಿನಲ್ಲಿ ಒತ್ತಿ ತರಿಸುವುದನ್ನೂ ಬಿಡಿ. ಜಾಲತಾಣಗಳ ಮೂಲಕ ಪಟಾಕಿ ಮಾರಕೂಡದೆಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ.

ಹಸಿರು ಪಟಾಕಿ ಎಂದರೆ

'ಹಸಿರು ಪಟಾಕಿ ಕೊಡಪ್ಪಾ' ಎಂದರೆ ಹಸಿರು ಕಾಗದ ಸುತ್ತಿದ್ದನ್ನು ಕೊಟ್ಟು ಕಳಿಸುವವರೂ ಇದ್ದಾರೆ! ಹಸಿರು ಪಟಾಕಿ ಎಂದರೆ ಬಣ್ಣದ ಮಾತಲ್ಲ. ನಾಗಪುರದ 'ನೀರಿ' ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯವರು ಹೊಗೆ, ದೂಳು ಮಾಮೂಲಿಗಿಂತ ಸುಮಾರು 30 ಭಾಗ ಕಡಿಮೆಯಾಗುವ ಹಾಗೆ ರೂಪಿಸಿದ ಪಟಾಕಿ ಅದು. ಪೊಟ್ಟಣದ ಮೇಲೆ ಆ ಸಂಸ್ಥೆಯ ಹಸಿರು ಗುರುತು, ಫೋನಿನಲ್ಲಿ ನೋಡಬಹುದಾದ ಚೌಕದ ಸಂಕೇತ ಇರುತ್ತವೆ. ತಯಾರಕರ ಹೆಸರು ವಿಳಾಸವಿಲ್ಲದ, ಹೊರದೇಶದಿಂದ ಕದ್ದು ತಂದ ಮಾಲನ್ನು ಮುಟ್ಟಲೇಬೇಡಿ. ತಮಾಷೆ ನೋಡಿ, ಪಟಾಕಿ ಹಸಿರು ಬಣ್ಣದಲ್ಲಿ ಉರಿಯಲು ಹಾಕುತ್ತಿದ್ದದ್ದು ಬೇರಿಯಂ ಎಂಬ ವಿಷದ ಲವಣ. ಅದನ್ನೇ ಕೋರ್ಟು ಹಾಕಬೇಡಿ ಎಂದಿರುವುದು.

ಈ ಕೋರ್ಟಿನ ಕಥೆ ತಾಯಂದಿರು ತಿಳಿಯಬೇಕಾದದ್ದು. 2015ರಲ್ಲಿ ದೆಹಲಿಯ ಮೂರು ಹಸುಗೂಸುಗಳ ಹೆಸರಿನಲ್ಲಿ ಅವರ ಅಪ್ಪಂದಿರು ಸುಪ್ರೀಂ ಕೋರ್ಟಿಗೆ ಹೋದರು. ಶುದ್ಧ ಗಾಳಿ ಉಸಿರಾಡುವುದು ನಮ್ಮ ಹಕ್ಕು ಎಂಬುದು ಆ ಕೂಸುಗಳ ಅಹವಾಲು. 2018ರ ಅಕ್ಟೋಬರ್ 23ರ ತೀರ್ಪು ಅದರಿಂದಲೇ ಬಂದದ್ದು. ಪಟಾಕಿಯನ್ನು ಪೂರ್ತಿ ನಿಷೇಧಿಸಲಿಲ್ಲ. ಕಡಿಮೆ ಹೊಗೆಯದು ಮಾತ್ರ ಸಾಕು, ಸರಪಟಾಕಿ ಬೇಡ, ದೀಪಾವಳಿಯ ದಿನ ರಾತ್ರಿ 8ರಿಂದ 10ರವರೆಗೆ ಹೊಡೆಯಿರಿ ಎಂದಿತು. ದಕ್ಷಿಣದ ನಮ್ಮ ಪದ್ಧತಿ ಬೇರೆಯಲ್ಲವೇ? ನರಕಚತುರ್ದಶಿಯ ಬೆಳಗಿನ ಜಾವ ಎಣ್ಣೆಸ್ನಾನ ಆದಮೇಲೆ ಒಂದು ಪಟಾಕಿ ಹೊಡೆದರೇ ಹಬ್ಬ. ಹಾಗಾಗಿ ಹೊತ್ತನ್ನು ಆಯಾ ರಾಜ್ಯ ಹೊಂದಿಸಿಕೊಳ್ಳಲಿ, ಒಟ್ಟು ಎರಡು ಗಂಟೆ ಮೀರದಿರಲಿ ಎಂದು ಆಮೇಲೆ ಸಡಿಲಿಸಿದರು. ನಮ್ಮ ರಾಜ್ಯದಲ್ಲಿ ರಾತ್ರಿ 8ರಿಂದ 10 ಎಂದೇ ಆದೇಶ ಹೊರಡಿಸಿದ್ದುಂಟು. ಆಯಾ ವರ್ಷದ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡಿಕೊಂಡುಬಿಡಿ.

ಸದ್ದಿಗೂ ಮಿತಿ ಇದೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ ಅಳೆದರೆ 125 ಡೆಸಿಬೆಲ್ ದಾಟುವಂಥ ಪಟಾಕಿಯನ್ನು ಮಾಡುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಇದು 1999ರಿಂದ ಇರುವ ನಿಯಮ. 4 ಮೀಟರ್ ಎಂದರೆ ನಮ್ಮ ಸೀರೆಯ ಉದ್ದಕ್ಕಿಂತ ಕಡಿಮೆಯೇ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿನ ಪಟಾಕಿ ಕೂಡದು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ಒಳಗೆ ಯಾವ ಹೊತ್ತಿಗೂ ಕೂಡದು. ಪಕ್ಕದ ಮನೆಯಲ್ಲಿ ಬಾಣಂತಿಯೋ, ಎದೆನೋವಿನ ಮುದುಕರೋ ಇದ್ದರೆ ಕಾನೂನು ಹೇಳುವವರೆಗೆ ಕಾಯಬೇಕೇ? ಒಂದು ಮಾತು ಕೇಳಿ, ನಾಲ್ಕು ಹೆಜ್ಜೆ ಆಚೆ ಹೋಗಿ ಹೊಡೆಯುವುದು ನೆರೆಹೊರೆಯ ಧರ್ಮ.

ಹಚ್ಚುವಾಗ ನೆನಪಿರಲಿ

1. ಸುರುಸುರು ಬತ್ತಿಯನ್ನು ಪಾಪದ್ದು ಎಂದು ಮೂರು ವರ್ಷದ ಮಗುವಿನ ಕೈಗೆ ಕೊಡುತ್ತೇವೆ. ಅದರ ತುದಿಯ ಶಾಖ ಸುಮಾರು 1000 ಡಿಗ್ರಿ ಮುಟ್ಟುತ್ತದೆ. ಬಜ್ಜಿ ಕರಿಯುವ ಎಣ್ಣೆ 180 ಡಿಗ್ರಿಯ ಆಸುಪಾಸು. ಮಗುವನ್ನು ಬಾಣಲೆಯ ಹತ್ತಿರ ಬಿಡದವರು ಬತ್ತಿ ಹೇಗೆ ಕೊಟ್ಟೇವು? ಉರಿದ ಕಡ್ಡಿಯನ್ನು ನೆಲದ ಮೇಲೆ ಎಸೆಯದೆ ನೀರಿನ ಬಕೆಟ್ಟಿಗೆ ಹಾಕಿಸಿ. ಬರಿಗಾಲಿನವರು ತುಳಿಯುವುದು ತಪ್ಪುತ್ತದೆ.

2. ನೈಲಾನ್, ಜಾರ್ಜೆಟ್ ಸೀರೆ, ಮಕ್ಕಳಿಗೆ ಜರಿ ಲಂಗ ಬೇಡ. ಅವು ಕರಗಿ ಮೈಗೆ ಅಂಟುತ್ತವೆ. ಹತ್ತಿಯ ಬಟ್ಟೆ ಇರಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಕಟ್ಟಿ, ಕಾಲಿಗೆ ಚಪ್ಪಲಿ ಹಾಕಿ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಬೆಂಕಿ ಮುಟ್ಟಬೇಡಿ. ಅದರಲ್ಲಿರುವ ಸ್ಪಿರಿಟ್ಟು ಹೊತ್ತಿಕೊಳ್ಳುತ್ತದೆ.

3. ಉದ್ದನೆಯ ಊದುಬತ್ತಿಯಿಂದ, ಮುಖ ಆಚೆ ತಿರುಗಿಸಿ ಹಚ್ಚಿ. ತೆಂಗಿನ ಚಿಪ್ಪು, ಡಬ್ಬ ಮುಚ್ಚಿ ಹೊಡೆಯುವ ಆಟ ಬೇಡವೇ ಬೇಡ. ರಾಕೆಟ್ಟನ್ನು ಮನೆಸಾಲಿನ ಮಧ್ಯೆ ಬಿಡಬೇಡಿ.

4. ಠುಸ್ ಎಂದದ್ದರ ಹತ್ತಿರ ಹೋಗಬೇಡಿ. ನಮ್ಮ ಹಿಂದಿನ ಬೀದಿಯ ಹುಡುಗನೊಬ್ಬ ಹೊತ್ತದ ಹೂಕುಂಡವನ್ನು ಬಗ್ಗಿ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ. ಆಗ ಅವನಿಗೆ ಹತ್ತು ವರ್ಷ. ಸ್ವಲ್ಪ ಹೊತ್ತು ಬಿಟ್ಟು ದೊಡ್ಡವರು ದೂರದಿಂದಲೇ ನೀರು ಸುರಿದು ನೆನೆಸಲಿ.

5. ಪಕ್ಕದಲ್ಲಿ ಎರಡು ಬಕೆಟ್ ನೀರು, ಒಂದು ಬುಟ್ಟಿ ಮರಳು ಸಿದ್ಧವಿರಲಿ. ಉಳಿದ ಪಟಾಕಿಯ ಡಬ್ಬ ಹಚ್ಚುವ ಜಾಗದಿಂದ ದೂರ, ಮುಚ್ಚಳ ಮುಚ್ಚಿ ಇರಲಿ. ಅಡುಗೆಮನೆಯ ಸಜ್ಜೆಯ ಮೇಲೆ, ಬಿಸಿಲು ಬೀಳುವ ಕಿಟಕಿಯಲ್ಲಿ, ಜೇಬಿನಲ್ಲಿ ಇಡಬೇಡಿ.

ಸುಟ್ಟರೆ

ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ. ಇಂಕು, ಹಲ್ಲುಜ್ಜುವ ಪೇಸ್ಟು, ತುಪ್ಪ, ಅರಿಸಿನ ಏನೂ ಬೇಡ. ಅಜ್ಜಿಯ ಕಾಲದ್ದಾದರೂ ಬೇಡ. ಉಂಗುರ, ಬಳೆಗಳನ್ನು ಊದಿಕೊಳ್ಳುವ ಮೊದಲೇ ತೆಗೆಯಿರಿ. ಅಂಟಿದ ಬಟ್ಟೆಯನ್ನು ಕೀಳದೆ, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಣ್ಣಿಗೆ ಸಿಡಿದರೆ ಉಜ್ಜಬೇಡಿ, ಒತ್ತಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ, ಮನೆಯಲ್ಲಿರುವ ಹನಿಮದ್ದು ಹಾಕಬೇಡಿ. ಮೇಲೆ ಒತ್ತದ ಹಾಗೆ ಒಂದು ಚಿಕ್ಕ ಬಟ್ಟಲು ಅಡ್ಡ ಇಟ್ಟು ನೇರ ಕಣ್ಣಾಸ್ಪತ್ರೆಗೆ ಹೋಗಿ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ದೀಪಾವಳಿಯ ಹೊತ್ತಿಗೆ ಹಗಲೂ ರಾತ್ರಿಯೂ ವೈದ್ಯರನ್ನು ಸಿದ್ಧವಾಗಿಡುತ್ತಾರೆ. ಅಲ್ಲಿಗೆ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ದಾರಿಯಲ್ಲಿ ಹೋಗುತ್ತಿದ್ದವರೂ ನಿಂತು ನೋಡುತ್ತಿದ್ದ ಮಕ್ಕಳೂ ಇರುತ್ತಾರೆ. ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112. ಈ ಮೂರನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಈಗ ಪತ್ರ ಬರೆದ ಸೋದರಿಗೆ. ಚೀಟಿ ಬಿಡಿ ಎಂದು ನಾನು ಹೇಳುವುದಿಲ್ಲ. ತಿಂಗಳು ತಿಂಗಳು ಕೂಡಿಟ್ಟರೆ ಹಬ್ಬದ ಖರ್ಚು ಭಾರವಾಗುವುದಿಲ್ಲ, ನಿಜ. ಆದರೆ ಪೆಟ್ಟಿಗೆ ಯಾರ ಮನೆಗೂ ಬರುವುದು ಬೇಡ. ಚೀಟಿ ಎತ್ತಿದ ದಿನ ಎಲ್ಲರಿಗೂ ದುಡ್ಡನ್ನೇ ಹಂಚಿ. ಹಬ್ಬದ ಹಿಂದಿನ ದಿನ ಎಲ್ಲರೂ ಒಟ್ಟಿಗೆ ಮೈದಾನದ ಅಂಗಡಿಗೆ ಹೋಗಿ, ಗೋಡೆಗೆ ತೂಗುಹಾಕಿದ ಪರವಾನಗಿ ನೋಡಿ, ಹಸಿರು ಗುರುತು ನೋಡಿ, ರಸೀತಿ ಪಡೆದು ಅವರವರಿಗೆ ಬೇಕಾದಷ್ಟು ಕೊಳ್ಳಿ. ಒಟ್ಟಿಗೆ ಹೋದರೆ ಚೌಕಾಸಿಗೂ ಬಲ. ಉಳಿದ ದುಡ್ಡಿನಲ್ಲಿ ಮನೆಗೊಂದು ಹಿತ್ತಾಳೆ ದೀಪ ಬರುತ್ತದೆ, ಅದು ಮುಂದಿನ ವರ್ಷಕ್ಕೂ ಇರುತ್ತದೆ.

ನಿಷ್ಠುರವಾಗದ ಹಾಗೆ ಹೇಳುವುದು ಹೇಗೆ ಅಂತೀರಾ? 'ನನಗೆ ಭಯ' ಎನ್ನಬೇಡಿ. ಆಮೇಲೆ ನಿಮ್ಮನ್ನೇ ನಗುತ್ತಾರೆ. "ರೀ, ನಿಮ್ಮ ಮಕ್ಕಳೂ ದಿನಾ ನಮ್ಮ ಮನೆಗೇ ಆಡೋಕೆ ಬರ್ತಾರಲ್ಲ, ಆ ಜವಾಬ್ದಾರಿ ನಾನು ಹೊರಲಾರೆ" ಎನ್ನಿ. ಅಮ್ಮನಾದವಳು ಈ ಮಾತಿಗೆ ಎದುರಾಡುವುದಿಲ್ಲ. ಯಜಮಾನರಿಗೆ ಈ ಪುಟವನ್ನೇ ಕಾಫಿಯ ಜೊತೆ ಕೊಡಿ.

ಮನೆಯ ಹೊಸಲಲ್ಲಿ ಹಣತೆ ಹೊತ್ತಲಿ, ಮಕ್ಕಳ ಕಣ್ಣಲ್ಲಿ ಬೆಳಕಿರಲಿ. ನಿಮ್ಮೂರಿನಲ್ಲಿ ಪಟಾಕಿ ಚೀಟಿ ಹೇಗೆ ನಡೆಯುತ್ತದೆ, ಬರೆದು ತಿಳಿಸಿ. ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.