ಎರಡೇ ಗೋಲಿನ ನಾಯಕ

ಜಪಾನಿನ ರಾಷ್ಟ್ರತಂಡದ ಪರವಾಗಿ 114 ಪಂದ್ಯಗಳನ್ನಾಡಿ ಎರಡೇ ಎರಡು ಗೋಲು ಹೊಡೆದವನ ಮೇಲೆ ಲೇಖನವೇ ಎಂದು ಮಿತ್ರರೊಬ್ಬರು ನಕ್ಕರು. ಆಟಗಾರನ ಹೆಸರು ಮಕೋಟೊ ಹಸೆಬೆ. ಆ 114ರಲ್ಲಿ 81 ಪಂದ್ಯಗಳಿಗೆ ಅವನೇ ನಾಯಕನೆಂದು ತಿಳಿಸಿದ ಮೇಲೆ ನಗೆ ಸ್ವಲ್ಪ ಇಳಿಯಿತು.

ಕಾಲ್ಚೆಂಡಾಟ ನೋಡುವಾಗ ನಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ನಡುಗಣದ ಆಟಗಾರನಾದರೋ ಬಹಳ ಹೊತ್ತು ಚೆಂಡಿಲ್ಲದ ಕಡೆ ದುಡಿಯಬೇಕು. ಜೊತೆಗಾರರು ಮುನ್ನುಗ್ಗಿದಾಗ ಅವರು ತೆರವು ಮಾಡಿದ ಜಾಗವನ್ನು ಕಾಯಬೇಕು; ಎದುರಾಳಿಯಿಂದ ಚೆಂಡು ಕಸಿದು, ಆಡಂಬರವಿಲ್ಲದೆ ಹತ್ತಿರದವನಿಗೆ ದಾಟಿಸಬೇಕು. ಇದಕ್ಕೆ ಅಂಕಿಗಳ ಪಟ್ಟಿಯಲ್ಲಿ ಸ್ಥಳವೆಲ್ಲಿದೆ? ನಮ್ಮ ಈ ವಾರ್ಷಿಕ ಸಂಚಿಕೆಯಲ್ಲಿಯೂ ಬಟ್ಟಲು ಹಿಡಿದವರ ಭಾವಚಿತ್ರಗಳಿಗೇ ಅಗ್ರಸ್ಥಾನವಲ್ಲವೆ!

ಹಸೆಬೆ 1984ರಲ್ಲಿ ಶಿಜುವೊಕ ಪ್ರಾಂತ್ಯದ ಫುಜಿಯೆದದಲ್ಲಿ ಹುಟ್ಟಿದವನು. ಉರವಾ ರೆಡ್ಸ್ ತಂಡದಲ್ಲಿ ಪಳಗಿ 2008ರಲ್ಲಿ ಜರ್ಮನಿಯ ವೋಲ್ಫ್ಸ್‌ಬರ್ಗ್ ತಂಡ ಸೇರಿದನು. 2009ರಲ್ಲಿ ಆ ತಂಡವು ಜರ್ಮನಿಯ ಲೀಗನ್ನು ಗೆದ್ದಿತು. 2010ರ ವಿಶ್ವಕಪ್ಪಿಗೆ ಸ್ವಲ್ಪ ಮುಂಚೆ ತರಬೇತುದಾರ ತಕೇಶಿ ಒಕಾದ ಅವರು ಇಪ್ಪತ್ತಾರರ ಈ ತರುಣನಿಗೆ ನಾಯಕತ್ವವನ್ನು ವಹಿಸಿದರು. 2014 ಮತ್ತು 2018ರ ವಿಶ್ವಕಪ್ಪುಗಳಲ್ಲಿಯೂ ಅವನೇ ನಾಯಕ.

ನನಗೆ ಅತ್ಯಂತ ಪ್ರಿಯವಾದ ಪ್ರಸಂಗವೆಂದರೆ 2011ರ ಸೆಪ್ಟೆಂಬರಿನದು. ಹಾಫನ್‌ಹೈಮ್ ವಿರುದ್ಧದ ಪಂದ್ಯದಲ್ಲಿ ವೋಲ್ಫ್ಸ್‌ಬರ್ಗಿನ ಗೋಲ್‌ಕೀಪರನನ್ನು ಕೆಂಪುಚೀಟಿ ತೋರಿಸಿ ಹೊರಗೆ ಕಳುಹಿಸಿದರು. ಬದಲಿ ಆಟಗಾರರನ್ನು ಇಳಿಸುವ ಅವಕಾಶ ಮುಗಿದುಹೋಗಿತ್ತು. ಆಗ ಕೈಗವಸು ತೊಟ್ಟು ಗೋಲಿನೆದುರು ನಿಂತವನು ನಮ್ಮ ಹಸೆಬೆಯೇ. ಒಂದು ಗೋಲನ್ನೂ ಬಿಟ್ಟುಕೊಟ್ಟನು, ಪಂದ್ಯವೂ ಸೋತಿತು. ಆದರೂ ಹನ್ನೊಂದು ಮಂದಿಯಲ್ಲಿ ಆ ಕೈಗವಸು ಯಾರ ಕೈಗೆ ಬಂದಿತೆಂಬುದನ್ನು ವಾಚಕರು ಗಮನಿಸಬೇಕು.

“ನಂಬಿಕಸ್ಥ” ಎಂಬ ಮಾತನ್ನು ನಾವು ಪ್ರತಿಭೆಯಿಲ್ಲದವನಿಗೆ ಕೊಡುವ ಸಮಾಧಾನದ ಬಹುಮಾನದಂತೆ ಬಳಸುತ್ತೇವೆ. ಇದು ಸರಿಯಲ್ಲವೆಂದೇ ನನ್ನ ವಾದ. ಹಿಡೆತೋಶಿ ನಕಾತನ ಚಮತ್ಕಾರ ಹಸೆಬೆಯಲ್ಲಿರಲಿಲ್ಲ, ಒಪ್ಪೋಣ. ಆದರೆ ಜರ್ಮನಿಯಂಥ ಕಡೆ ಹದಿನಾರು ವರ್ಷ ಯಾರೂ ಯಾರನ್ನೂ ದಾಕ್ಷಿಣ್ಯಕ್ಕಾಗಿ ಇಟ್ಟುಕೊಳ್ಳುವುದಿಲ್ಲ. ಮುಂದೆ ಏನಾಗಬಹುದೆಂದು ಇತರರಿಗಿಂತ ಒಂದು ಕ್ಷಣ ಮೊದಲೇ ಕಾಣುವುದು ಪ್ರತಿಭೆಯಲ್ಲದೆ ಮತ್ತೇನು? ಕಾಲಿನ ವೇಗ ತಗ್ಗಿದ ವಯಸ್ಸಿನಲ್ಲಿ ಫ್ರಾಂಕ್‌ಫರ್ಟ್ ತಂಡವು ಅವನನ್ನು ರಕ್ಷಣಾಪಂಕ್ತಿಯ ನಡುವೆ ನಿಲ್ಲಿಸಿಕೊಂಡದ್ದು ಈ ದೃಷ್ಟಿಯನ್ನು ನಂಬಿಯೇ.

2022ರಲ್ಲಿ ಸೆವಿಲ್ಲೆ ನಗರದಲ್ಲಿ ಯುರೋಪಾ ಲೀಗಿನ ಅಂತಿಮ ಪಂದ್ಯ. ಫ್ರಾಂಕ್‌ಫರ್ಟಿನ ರಕ್ಷಕನೊಬ್ಬನು ಗಾಯಗೊಂಡನು. ರೇಂಜರ್ಸ್ ತಂಡ ಒಂದು ಗೋಲು ಮುಂದಿತ್ತು. ಆ ಸಂಕಟದಲ್ಲಿ ಮೂವತ್ತೆಂಟರ ಹಸೆಬೆಯನ್ನು ಕಣಕ್ಕಿಳಿಸಿದರು. ಫ್ರಾಂಕ್‌ಫರ್ಟ್ ಸಮ ಮಾಡಿಕೊಂಡು, ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಗೆದ್ದಿತು. 2024ರಲ್ಲಿ, ನಲವತ್ತು ತುಂಬಿದ ಮೇಲೆ, ಅವನು ಆಟ ನಿಲ್ಲಿಸಿದನು. ಅದೇ ವರ್ಷ ಜಪಾನಿನವರು ಅವನನ್ನು ರಾಷ್ಟ್ರತಂಡದ ತರಬೇತುದಾರರ ಬಳಗಕ್ಕೆ ಕರೆದುಕೊಂಡರು. ಗೋಲು ಹೊಡೆಯುವುದನ್ನು ಕಲಿಸಲಿಕ್ಕಂತೂ ಇರಲಾರದು.