ಮನೆಯ ಕೀಲಿ ಸಿಕ್ಕಿತು, ಸೊಸೈಟಿ ನಡೆಸುವವರು ಯಾರು?

ಸೊಲ್ಲಾಪುರ: ಬೀಡಿ ಕಟ್ಟುವವರಿಗೆ, ಮಗ್ಗದ ಮೇಲೆ ದುಡಿಯುವವರಿಗೆ ಸಹಕಾರಿ ತತ್ವದ ಮೇಲೆ ಸ್ವಂತ ಮನೆ ಕಟ್ಟಿಕೊಡುವುದರಲ್ಲಿ ಸೊಲ್ಲಾಪುರ ಹೆಸರು ಮಾಡಿದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿಯಲ್ಲಿ 2006ರಲ್ಲಿ ಗೋದೂತಾಯಿ ಪರುಳೇಕರ ಹೆಸರಿನ ಸಂಘದ ಮೂಲಕ ಮಹಿಳಾ ಬೀಡಿ ಕಾರ್ಮಿಕರಿಗೆ 10,000 ಮನೆಗಳು ದೊರೆತವು. ಅಲ್ಲಿಯೇ ರೇ ನಗರದ 30,000 ಮನೆಗಳ ಯೋಜನೆಯಲ್ಲಿ ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು.

ಕೀಲಿ ಕೊಡುವ ದಿನ ಮಂತ್ರಿಗಳು ಬರುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ನೀರಿನ ಪಂಪು ಸುಟ್ಟ ದಿನ ಮಾತ್ರ ಯಾರೂ ಬರುವುದಿಲ್ಲ. ಆ ದಿನ ಓಡಾಡಬೇಕಾದವರು ಸೊಸೈಟಿಯ ಚೇರಮನ್ನರು, ಸೆಕ್ರೆಟರಿಗಳು. ಸಾಮಾನ್ಯವಾಗಿ ಇವರು ಸಂಬಳವಿಲ್ಲದ ಜನ. ಹಗಲು ತಮ್ಮ ಕೆಲಸ, ರಾತ್ರಿ ಊಟವಾದ ಮೇಲೆ ಪಾವತಿ ಪುಸ್ತಕ. ಎರಡು ವರ್ಷಕ್ಕೇ "ಸಾಕಪ್ಪಾ ಸಾಕು, ಬೇರೆಯವರನ್ನ ನೋಡ್ಕೋರಿ" ಎನ್ನುತ್ತಾರೆ. ತಪ್ಪು ಅವರದಲ್ಲ, ಕೆಲಸ ಕಲಿಸಿದವರೇ ಇಲ್ಲ.

ಕಲಿಯುವುದು ಏನಿದೆ ಎಂದು ಕೇಳಬಹುದು. ಅಪಾರ್ಟ್‌ಮೆಂಟಿನ ಯಾವುದೇ ಸಭೆಗೆ ಹೋಗಿ ನೋಡಿ. "ನಾವು ನೆಲಮಾಳಿಗಿಯಾಗ ಇರ್ತೀವಿ, ಲಿಫ್ಟಿನ ರೊಕ್ಕ ಯಾಕ ಕೊಡಬೇಕ್ರಿ?" ಎಂಬಲ್ಲಿಂದ ಜಗಳ ಶುರು. ಮಹಾರಾಷ್ಟ್ರದ ಮಾದರಿ ಬೈಲಾದಲ್ಲಿ ಉತ್ತರ ಸ್ಪಷ್ಟವಾಗಿದೆ: ಲಿಫ್ಟ್ ಬಳಸಲಿ ಬಿಡಲಿ, ಆ ಕಟ್ಟಡದ ಎಲ್ಲ ಸದಸ್ಯರಿಗೂ ಖರ್ಚು ಸಮಪಾಲು. ನೀರಿನ ಬಿಲ್ಲಿಗೆ ಲೆಕ್ಕ ಬೇರೆ, ಮನೆಗೆ ಎಷ್ಟು ನಳ, ಎಷ್ಟು ದಪ್ಪದ್ದು ಎಂಬುದರ ಮೇಲೆ ಹಂಚಿಕೆ. ಇದು ಗೊತ್ತಿದ್ದವನು ಐದು ನಿಮಿಷದಲ್ಲಿ ಮುಗಿಸುವ ಮಾತು, ಗೊತ್ತಿಲ್ಲದಿದ್ದರೆ ಅಕ್ಕಪಕ್ಕದವರ ಮಾತೇ ನಿಂತುಹೋಗುತ್ತದೆ.

ಇದಕ್ಕಿಂತ ದೊಡ್ಡದು ನಾಳಿನ ದುಡ್ಡು. ಅದೇ ಬೈಲಾ ಪ್ರಕಾರ ಕಟ್ಟಡದ ಖರ್ಚಿನ ಕನಿಷ್ಠ ಶೇ. 0.25ರಷ್ಟು ಪ್ರತಿ ವರ್ಷ ಸಿಂಕಿಂಗ್ ಫಂಡಿಗೆ, ಶೇ. 0.75ರಷ್ಟು ದುರಸ್ತಿ ನಿಧಿಗೆ ಹೋಗಬೇಕು. ಒಂದು ಮನೆಗೆ 8 ಲಕ್ಷ ಖರ್ಚಾಗಿದ್ದರೆ ವರ್ಷಕ್ಕೆ 2,000 ಮತ್ತು 6,000 ರೂಪಾಯಿ. ದಿನಗೂಲಿಯ ಮನೆಗೆ ಇದು ಹಗುರಲ್ಲ, ನಿಜ. ಆದರೆ ಬಿಟ್ಟರೆ ಇಪ್ಪತ್ತು ವರ್ಷಕ್ಕೆ ಛತ್ತು ಸೋರುವಾಗ ಒಮ್ಮೆಲೇ ಹೊರೆ ಬೀಳುತ್ತದೆ. ಆಗ ಕೊಡಲಾಗದವರು ಮನೆ ಮಾರುತ್ತಾರೆ. ಬಾಕಿ ವಸೂಲಿಗೆ ನಿಬಂಧಕರ ಬಳಿ ಹೋಗಲು ಕಾನೂನಿನಲ್ಲಿ ದಾರಿ ಇದೆ, ಆದರೆ ಸೊಸೈಟಿಯ ದಫ್ತರ ಸರಿಯಿದ್ದರೆ ಮಾತ್ರ.

ಈ ಕೆಲಸಕ್ಕೆಂದೇ ಮಹಾರಾಷ್ಟ್ರದ ಸಹಕಾರ ಇಲಾಖೆಯ ಪರೀಕ್ಷೆಯೊಂದಿದೆ. ಸಹಕಾರ ಮತ್ತು ಲೆಕ್ಕಶಾಸ್ತ್ರದ ಜಿ.ಡಿ.ಸಿ. ಅಂಡ್ ಎ. ಪರೀಕ್ಷೆಯ ಜೊತೆಗೆ ಸಿ.ಎಚ್.ಎಂ., ಅಂದರೆ ಸಹಕಾರಿ ಗೃಹನಿರ್ಮಾಣ ವ್ಯವಸ್ಥಾಪನೆಯ ಪ್ರಮಾಣಪತ್ರ. ನಮ್ಮ ಹುಡುಗ ಹುಡುಗಿಯರಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಪದವಿ ಮುಗಿಸಿ ಪುಣೆಯ ಬಸ್ಸು ಹತ್ತುವ ಬದಲು ನಾಲ್ಕಾರು ಸೊಸೈಟಿಗಳ ಲೆಕ್ಕ ನೋಡಿಕೊಂಡು ಊರಲ್ಲೇ ಇರಬಹುದು. ಮರಾಠಿಯಲ್ಲಿ ಬಂದ ನೋಟಿಸನ್ನು ಓದಿ, ಮನೆಯಲ್ಲಿರುವ ಅಜ್ಜಿಗೆ ಕನ್ನಡದಲ್ಲೋ ತೆಲುಗಿನಲ್ಲೋ ತಿಳಿಸಿ ಹೇಳಬಲ್ಲ ಮ್ಯಾನೇಜರ್ ಇಲ್ಲಿ ಪುಣೆಯವನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ಒಂದು ಎಚ್ಚರ ಮಾತ್ರ ಬೇಕು. ಮ್ಯಾನೇಜರ್ ಬಂದನೆಂದು ಕಮಿಟಿ ಕೈತೊಳೆದುಕೊಳ್ಳುವಂತಿಲ್ಲ, ಕಾನೂನಿನ ಮುಂದೆ ಜವಾಬ್ದಾರಿ ಆಯ್ಕೆಯಾದವರದ್ದೇ. ಸದಸ್ಯರಿಗೆ ಲೆಕ್ಕ ಓದಲು ಬಾರದಿದ್ದರೆ ನೌಕರನೇ ಧಣಿಯಾಗುತ್ತಾನೆ. ರಾಜ್ಯದ ಸಹಕಾರಿ ಕಾಯ್ದೆಗೆ 2013ರಲ್ಲಿ ತಿದ್ದುಪಡಿಯಾದಾಗ ಸದಸ್ಯರು, ಪದಾಧಿಕಾರಿಗಳು, ನೌಕರರು ಎಲ್ಲರಿಗೂ ತರಬೇತಿ ಎಂಬ ಕಲಮು ಸೇರಿದ್ದು ಇದಕ್ಕಾಗಿಯೇ.

ಸೆಪ್ಟೆಂಬರ್ 30ರೊಳಗೆ ಪ್ರತಿ ಸೊಸೈಟಿಯೂ ವಾರ್ಷಿಕ ಸಭೆ ಕರೆಯಬೇಕು. ತರಬೇತಿಗೆ ಯಾರನ್ನು ಕಳಿಸುವುದು, ಖರ್ಚು ಯಾವ ನಿಧಿಯಿಂದ ಎಂಬ ವಿಷಯವನ್ನು ಈ ಸಲದ ವಿಷಯಪತ್ರಿಕೆಯಲ್ಲಿ ಸೇರಿಸಲು ಸದಸ್ಯರು ಈಗಲೇ ಬರೆದು ಕೊಡಬಹುದು.